ಹಳೆಯ ಕಡತಗಳ ಸ್ಥಿತಿ ಅಳೆಯುವುದು ಹೇಗೆ? ಹಳದಿ ಬಣ್ಣಕ್ಕೆ ಹೆದರಬೇಡಿ

ಪ್ರಶ್ನೆ: ನಮ್ಮ ಸಂಸ್ಥೆಯ ದಾಖಲೆ ಕೊಠಡಿಯ ಹೊಣೆ ನನಗೆ ಹೊಸದಾಗಿ ಬಂದಿದೆ. 300 ಹಲಗೆಗಳ ಮೇಲೆ ಸುಮಾರು 1,800 ಪೆಟ್ಟಿಗೆ ಮತ್ತು ಕಟ್ಟುಗಳಿವೆ. ಒಂದೂವರೆ ಶತಮಾನದ ಕಡತ, ರಿಜಿಸ್ಟರ್, ನಕ್ಷೆ, ಪತ್ರವ್ಯವಹಾರ ಎಲ್ಲವೂ ಅದರಲ್ಲಿ ಸೇರಿವೆ. ಎಲ್ಲವುಗಳ ಭೌತಿಕ ಸ್ಥಿತಿ ಪರೀಕ್ಷಿಸಿ ವರದಿ ಕೊಡಬೇಕೆಂದು ಮೇಲಿನವರು ಹೇಳಿದ್ದಾರೆ. ಇರುವುದು ಇಬ್ಬರೇ ಸಿಬ್ಬಂದಿ. ಕಾಗದದ ಆಮ್ಲೀಯತೆ ತೋರಿಸುವ ಪೆನ್ನೊಂದನ್ನು ಸಹೋದ್ಯೋಗಿಯೊಬ್ಬರು ತರಿಸಿದ್ದಾರೆ. ಒಂದೊಂದು ಕಡತದ ಮೇಲೂ ಅದರಿಂದ ಗೀರಿ ನೋಡಿದರೆ ಸಾಕೇ? ಹೇಗೂ ಮುಂದೆ ಎಲ್ಲವನ್ನೂ ಸ್ಕ್ಯಾನ್ ಮಾಡಿಸುವ ಯೋಜನೆಯಿದೆ. ಹಾಗಿದ್ದ ಮೇಲೆ ಈ ಪರೀಕ್ಷೆಯ ಅಗತ್ಯವಿದೆಯೇ?

ಉತ್ತರ: ಮೊದಲು ಆ ಪೆನ್ನನ್ನು ಮೇಜಿನ ಖಾನೆಗೆ ಹಾಕಿ ಬೀಗ ಜಡಿಯಿರಿ. ಇಂಥ ಪೆನ್ನಿನಲ್ಲಿ ಸಾಮಾನ್ಯವಾಗಿ ಇರುವುದು ಕ್ಲೋರೋಫೀನಾಲ್ ರೆಡ್ ಎಂಬ ರಾಸಾಯನಿಕ. ಕಾಗದ ಆಮ್ಲೀಯವಾಗಿದ್ದರೆ ಗೀರು ಹಳದಿಯಾಗಿ ನಿಲ್ಲುತ್ತದೆ, ಇಲ್ಲದಿದ್ದರೆ ನೇರಳೆಗೆ ತಿರುಗುತ್ತದೆ. ಬಣ್ಣ ಯಾವುದೇ ಬಂದರೂ ಗೀರು ಮಾತ್ರ ಶಾಶ್ವತ. ಹೊಸದಾಗಿ ಕೊಂಡ ಪೆಟ್ಟಿಗೆ ಅಥವಾ ಹೊದಿಕೆ ಕಾಗದ ಮಾರುವವರು ಹೇಳಿದಷ್ಟು ಆಮ್ಲರಹಿತವೇ ಎಂದು ನೋಡಲು ಅದು ಒಳ್ಳೆಯ ಸಾಧನ. ಮೂಲ ದಾಖಲೆಯನ್ನು ಅದು ಮುಟ್ಟಕೂಡದು.

ಗೀರಿನ ಮಾತು ಬಿಟ್ಟರೂ, ಆ ಪೆನ್ನು ಕೊಡುವ ಉತ್ತರದಿಂದ ನಿಮ್ಮ ಕೆಲಸ ಮುಂದೆ ಸಾಗುವುದಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ 36,500ರಷ್ಟು ಪುಸ್ತಕಗಳನ್ನು ಪರೀಕ್ಷಿಸಿದ ದೊಡ್ಡ ಸಮೀಕ್ಷೆಯೊಂದರ ಫಲಿತಾಂಶ 1985ರಲ್ಲಿ ಪ್ರಕಟವಾಯಿತು. ಶೇ 83ರಷ್ಟು ಪುಸ್ತಕಗಳ ಕಾಗದ ಆಮ್ಲೀಯವಾಗಿತ್ತು. ಮಡಿಸಿದರೆ ಮುರಿಯುವ ಹಂತ ಮುಟ್ಟಿದ್ದವು ಮಾತ್ರ ಶೇ 37ರಷ್ಟು. ಅಂದರೆ ಆಮ್ಲೀಯವಾದ ಪುಸ್ತಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಕೈಯಲ್ಲಿ ಹಿಡಿದು ಓದುವಂತಿದ್ದವು. ನಿಮ್ಮಲ್ಲಿಯೂ ಗೀರಿದ ಕಡೆಯೆಲ್ಲ ಹಳದಿಯೇ ಬಂದರೆ ಆಶ್ಚರ್ಯವಿಲ್ಲ. ಮುಕ್ಕಾಲು ಪಾಲು ಸಂಗ್ರಹಕ್ಕೆ 'ಕೆಟ್ಟಿದೆ' ಎಂಬ ಒಂದೇ ಷರಾ ಬಿದ್ದರೆ ಯಾವುದನ್ನು ಮೊದಲು ಎತ್ತಿಕೊಳ್ಳಬೇಕು ಎಂಬುದು ಮೊದಲಿನಷ್ಟೇ ಕತ್ತಲೆಯಲ್ಲಿರುತ್ತದೆ.

ಆಮ್ಲೀಯತೆಯನ್ನು ಊಹಿಸಲು ಪೆನ್ನೂ ಬೇಕಿಲ್ಲ, ಕಡತದ ಮೇಲಿನ ಇಸವಿಯೇ ಬಹುಪಾಲು ಹೇಳಿಬಿಡುತ್ತದೆ. ಹಿಂದೆ ಕಾಗದವನ್ನು ಹತ್ತಿ ಮತ್ತು ನಾರಗಸೆಯ ಚಿಂದಿಯಿಂದ ಮಾಡುತ್ತಿದ್ದರು. 1807ರಲ್ಲಿ ಜರ್ಮನಿಯ ಮೊರಿಟ್ಸ್ ಇಲ್ಲಿಗ್, ಶಾಯಿ ಹರಡದಂತೆ ತಿರುಳಿಗೇ ರಾಳ ಮತ್ತು ಪಟಿಕ ಸೇರಿಸುವ ಕ್ರಮವನ್ನು ಪ್ರಕಟಿಸಿದ. ಆ ಪಟಿಕವೇ ಕಾಗದದೊಳಗೆ ಆಮ್ಲ ಹುಟ್ಟಿಸುತ್ತದೆ. 1844ರ ಹೊತ್ತಿಗೆ ಫ್ರೀಡ್ರಿಖ್ ಕೆಲ್ಲರ್ ಮರವನ್ನು ಅರೆದು ತಿರುಳು ಮಾಡುವ ವಿಧಾನ ಕಂಡುಹಿಡಿದ. ಅದರೊಂದಿಗೆ ಲಿಗ್ನಿನ್, ಅಂದರೆ ಮರದ ಎಳೆಗಳನ್ನು ಬೆಸೆದಿಡುವ ವಸ್ತು ಕೂಡ ಕಾಗದಕ್ಕೆ ಬಂತು. 19ನೇ ಶತಮಾನದ ಉತ್ತರಾರ್ಧದಿಂದ 20ನೇ ಶತಮಾನದ ಬಹುಭಾಗದವರೆಗಿನ ಕಡತಗಳಲ್ಲಿ ಆಮ್ಲ ಇದ್ದೇ ಇರುತ್ತದೆ ಎಂದು ಹಿಡಿದುಕೊಂಡು ಮುಂದೆ ಹೋಗಿ. 1850ಕ್ಕೆ ಹಿಂದಿನ ಹಾಳೆ 1940ರ ಹಾಳೆಗಿಂತ ಗಟ್ಟಿಮುಟ್ಟಾಗಿರುವುದು ಸರ್ವೇಸಾಮಾನ್ಯ.

ಹಾಗಾದರೆ ನೋಡಬೇಕಾದದ್ದೇನು? ನನ್ನ ಮಟ್ಟಿಗೆ ಪ್ರಶ್ನೆಗಳು ಎರಡೇ. ಇದನ್ನು ಇನ್ನೊಮ್ಮೆ ಯಾರಾದರೂ ಬಿಚ್ಚಿ ಓದಿದರೆ ಏನಾಗುತ್ತದೆ? ಈಗ ಕಾಣುತ್ತಿರುವ ಹಾನಿ ಎಂದೋ ಆಗಿ ನಿಂತದ್ದೋ, ಇನ್ನೂ ನಡೆಯುತ್ತಿರುವುದೋ? ಕಲೆ, ಸೀಳು, ತೂತು, ಮಾಸಲು, ತುಕ್ಕು ಎಂದು ಇಪ್ಪತ್ತು ಕಾಲಂಗಳ ನಮೂನೆ ಮಾಡಿಕೊಂಡು ಪ್ರತಿಯೊಂದಕ್ಕೂ ಗುರುತು ಹಾಕುವವರನ್ನು ನೋಡಿದ್ದೇನೆ. ಕೊನೆಗೆ ಆ ಹಾಳೆಗಳೇ ಇನ್ನೊಂದು ಕಟ್ಟಾಗಿ ಕಪಾಟು ಸೇರುತ್ತವೆ. ಹಾನಿಯ ವರ್ಣನೆಯಿಂದ ತೀರ್ಮಾನ ಹುಟ್ಟುವುದಿಲ್ಲ, ಈ ಎರಡು ಪ್ರಶ್ನೆಗಳ ಉತ್ತರದಿಂದ ಹುಟ್ಟುತ್ತದೆ.

ಮೊದಲ ಪ್ರಶ್ನೆಗೆ ನಾಲ್ಕು ದರ್ಜೆ ಸಾಕು. ಯಾರ ಕೈಗೆ ಬೇಕಾದರೂ ಕೊಡಬಹುದಾದದ್ದು ಸೊನ್ನೆ. ದೋಷವಿದೆ, ಆದರೆ ಸಾಮಾನ್ಯ ಬಳಕೆಯಿಂದ ಹೆಚ್ಚಾಗುವುದಿಲ್ಲ ಎಂದರೆ ಒಂದು. ಬಳಸಿದಷ್ಟೂ ಹೆಚ್ಚಾಗುತ್ತದೆ, ಅಡಿಗೆ ರಟ್ಟಿನ ಆಸರೆ ಕೊಟ್ಟು ಎಚ್ಚರಿಕೆಯಿಂದ ತೆರೆಯಬೇಕು ಎಂದರೆ ಎರಡು. ತೆರೆದರೆ ಚೂರು ಉದುರುತ್ತದೆ, ಅಕ್ಷರ ಹೋಗುತ್ತದೆ, ಸದ್ಯಕ್ಕೆ ಯಾರಿಗೂ ಕೊಡುವಂತಿಲ್ಲ ಎಂದರೆ ಮೂರು. ಹಾನಿಯನ್ನು ಹೀಗೆ ಬಳಕೆಯ ಅಪಾಯದಿಂದ ಅಳೆಯುವ ಕ್ರಮ ಡಚ್ ಪತ್ರಾಗಾರಗಳಲ್ಲಿ ಚೆನ್ನಾಗಿ ಬೆಳೆದಿದೆ. ಇದರ ಲಾಭವೆಂದರೆ ಕಣ್ಣಿಗೆ ವಿಕಾರವಾಗಿ ಕಾಣುವುದಕ್ಕೂ ನಿಜವಾಗಿ ಅಪಾಯದಲ್ಲಿರುವುದಕ್ಕೂ ಇರುವ ಅಂತರ ತಾನಾಗಿ ಬಯಲಾಗುತ್ತದೆ. ಮುಖಪುಟದ ತುಂಬ ಮಸಿ ಚೆಲ್ಲಿದ ರಿಜಿಸ್ಟರ್ ನೋಡಲು ಭೀಕರ, ಆದರೂ ಅದರ ದರ್ಜೆ ಒಂದು ಮಾತ್ರ. ಎರಡನೇ ಪ್ರಶ್ನೆಗೆ ಬೇರೊಂದು ಕಾಲಂ ಇಡಿ: 'ನಡೆಯುತ್ತಿದೆ', 'ನಿಂತಿದೆ', 'ಖಚಿತವಿಲ್ಲ'. ಮೂರನೆಯ ಆಯ್ಕೆಯನ್ನು ಬಳಸಲು ಸಂಕೋಚ ಬೇಡ.

ಇನ್ನು 1,800 ಪೆಟ್ಟಿಗೆಗಳ ಮಾತು. ಎಲ್ಲವನ್ನೂ ನೋಡಬೇಕಿಲ್ಲ. ಒಂದು ಲಕ್ಷ ಪೆಟ್ಟಿಗೆಗಳಿದ್ದರೂ ಯಾದೃಚ್ಛಿಕವಾಗಿ ಆರಿಸಿದ 384 ನೋಡಿದರೆ, 100ರಲ್ಲಿ 95 ಸಲ ನಿಮ್ಮ ಶೇಕಡಾವಾರು ಅಂದಾಜು ನಿಜಕ್ಕಿಂತ ಹೆಚ್ಚೆಂದರೆ 5 ಅಂಶ ಆಚೀಚೆ ಇರುತ್ತದೆ. ನಿಮ್ಮ ಸಂಗ್ರಹ ಚಿಕ್ಕದಾದ್ದರಿಂದ ಅದೇ ನಿಖರತೆಗೆ 317 ಸಾಕು. ಲೆಕ್ಕಕ್ಕೆ ಸುಲಭವಾಗಲಿ, 320 ಎಂದಿಟ್ಟುಕೊಳ್ಳಿ. ಒಬ್ಬರು ನೋಡಿ ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು ಎಂದು ಮಾಡಿದರೆ ಒಂದಕ್ಕೆ ಸರಾಸರಿ 12 ನಿಮಿಷ. ಒಟ್ಟು 64 ಗಂಟೆ, ದಿನಕ್ಕೆ 4 ಗಂಟೆಯಂತೆ 16 ದಿನದ ಕೆಲಸ. ನಾಲ್ಕು ಗಂಟೆಗಿಂತ ಹೆಚ್ಚು ಎಳೆಯಬೇಡಿ. ದಣಿದ ಕಣ್ಣಿಗೆ ಎಲ್ಲವೂ ಒಂದೇ ದರ್ಜೆಯಾಗಿ ಕಾಣತೊಡಗುತ್ತದೆ.

ಯಾದೃಚ್ಛಿಕ ಎಂದರೆ ಕೈಗೆ ಸಿಕ್ಕಿದ್ದು ಎಂದಲ್ಲ. ಕೈಗೆ ಸಿಗುವುದು ಯಾವಾಗಲೂ ಸೊಂಟದೆತ್ತರದ ಹಲಗೆ, ಬಾಗಿಲಿಗೆ ಹತ್ತಿರದ ಸಾಲು. ನೆಲಕ್ಕೆ ತಾಗಿದ ಹಲಗೆ, ಚಾವಣಿಯ ಪಕ್ಕದ ಹಲಗೆ ತಪ್ಪಿಹೋಗುತ್ತವೆ. ನೀರು, ಗೆದ್ದಲು, ಬಿಸಿ ಮೊದಲು ಮುಟ್ಟುವುದು ಅಲ್ಲಿಗೇ. ಆದ್ದರಿಂದ ಪ್ರತಿ ಪೆಟ್ಟಿಗೆಗೂ 1ರಿಂದ 1,800ರವರೆಗೆ ಸಂಖ್ಯೆ ಕೊಟ್ಟು, ಕಂಪ್ಯೂಟರಿನ ಸ್ಪ್ರೆಡ್‌ಶೀಟ್‌ನಿಂದ 320 ಸಂಖ್ಯೆಗಳನ್ನು ತೆಗೆಸಿ. ಬಂದ ಸಂಖ್ಯೆ ಇಷ್ಟವಾಗಲಿಲ್ಲವೆಂದು ಪಕ್ಕದ್ದನ್ನು ಎತ್ತಿಕೊಳ್ಳಬಾರದು.

'ಪ್ರತಿ ಆರನೆಯದನ್ನು ನೋಡಿದರೆ ಆಯಿತಲ್ಲ, 300 ಆಗುತ್ತದೆ' ಎನ್ನುವ ಯೋಚನೆ ಬಂದೇ ಬರುತ್ತದೆ. ನಿಮ್ಮ ಸಂಗ್ರಹದಲ್ಲಿ ಇದು ಅಪಾಯಕಾರಿ. 300 ಹಲಗೆ, 1,800 ಪೆಟ್ಟಿಗೆ ಎಂದರೆ ಹಲಗೆಗೆ ಸರಾಸರಿ ಆರು. ಪ್ರತಿ ಆರನೆಯದು ಎಂದರೆ ಪ್ರತಿ ಹಲಗೆಯಲ್ಲೂ ಹೆಚ್ಚುಕಡಿಮೆ ಅದೇ ಜಾಗದ ಪೆಟ್ಟಿಗೆ. ಆ ಜಾಗ ಗೋಡೆಯ ಮಗ್ಗುಲಾಗಿದ್ದರೆ ಇಡೀ ಕೊಠಡಿ ತೇವದಿಂದ ಹಾಳಾಗಿದೆ ಎಂಬ ವರದಿ ಹೊರಡುತ್ತದೆ. ಮಧ್ಯದ ಜಾಗವಾಗಿದ್ದರೆ ಗೋಡೆಯ ತೇವ ವರದಿಯಲ್ಲಿ ಕಾಣುವುದೇ ಇಲ್ಲ. ಹಲಗೆಯ ಉದ್ದವನ್ನು ಅಳೆದು 'ಇಂತಿಷ್ಟನೇ ಸೆಂಟಿಮೀಟರ್‌ನಲ್ಲಿ ಇರುವುದು' ಎಂದು ಆರಿಸುವ ಕ್ರಮವೂ ಇದೆ. ಅದರಲ್ಲಿ ದಪ್ಪ ಕಟ್ಟುಗಳು ತೆಳು ಕಡತಗಳಿಗಿಂತ ಹೆಚ್ಚು ಸಲ ಬಲೆಗೆ ಬೀಳುತ್ತವೆ. ಸಂಖ್ಯೆ ಕೊಡಲು ಒಂದೆರಡು ದಿನ ಹೋದರೂ ಅದೇ ಒಳ್ಳೆಯದು.

ಪೆಟ್ಟಿಗೆ ಸಿಕ್ಕ ಮೇಲೆ ಅದರೊಳಗೆ ಏನನ್ನು ನೋಡುವುದು? ಮೇಲಿನ ಕಡತ ಎತ್ತಿಕೊಂಡರೆ ಧೂಳು ತಿಂದದ್ದು ಸಿಗುತ್ತದೆ, ಕೆಳಗಿನದಾದರೆ ಭಾರಕ್ಕೆ ಚಪ್ಪಟೆಯಾದದ್ದು. ಅಲ್ಲಿಯೂ ಒಂದು ಕಡತವನ್ನು ಸಂಖ್ಯೆಯಿಂದಲೇ ಆರಿಸಿ ಅದರ ದರ್ಜೆ ಬರೆಯಿರಿ. ಜೊತೆಗೆ ಆ ಪೆಟ್ಟಿಗೆಯಲ್ಲಿ ಕಣ್ಣಿಗೆ ಬಿದ್ದ ಅತಿ ಕೆಟ್ಟ ಕಡತದ ದರ್ಜೆಯನ್ನು ಪ್ರತ್ಯೇಕ ಕಾಲಂನಲ್ಲಿ ಬರೆಯಿರಿ. ಎರಡನ್ನೂ ಬೆರೆಸಿದರೆ ಶೇಕಡಾವಾರು ಲೆಕ್ಕ ಕೆಡುತ್ತದೆ. ನಕ್ಷೆಗಳು ಸಂಖ್ಯೆಯಲ್ಲಿ ಕಡಿಮೆ, ಸಮಸ್ಯೆಯಲ್ಲಿ ಹೆಚ್ಚು. ಅವನ್ನು ಈ ಮಾದರಿಗೆ ಸೇರಿಸದೆ ಬೇರೆಯಾಗಿಯೇ ನೋಡಿ.

ಉಪಕರಣಗಳ ಪಟ್ಟಿ ಚಿಕ್ಕದು: ಸಣ್ಣ ಟಾರ್ಚ್, ಹತ್ತು ಪಟ್ಟು ಹಿಗ್ಗಿಸುವ ಮಸೂರ, ಮೆತ್ತನೆಯ ಕುಂಚ, ಬಿಳಿ ಹಾಳೆ, ಸ್ಕೇಲ್, ಪೆನ್ಸಿಲ್. ಮೇಜಿನ ಹತ್ತಿರ ಶಾಯಿಯ ಪೆನ್ನು ಬೇಡ. ಕಾಗದ ಹಿಡಿಯಲು ತೊಳೆದು ಒಣಗಿಸಿದ ಕೈ ಸಾಕು. ಹತ್ತಿಯ ಕೈಗವಸು ಹಾಕಿದರೆ ಸ್ಪರ್ಶ ತಿಳಿಯದೆ ಸೀಳಿದ ಅಂಚನ್ನು ಇನ್ನಷ್ಟು ಸೀಳುತ್ತೀರಿ. ಬೂಷ್ಟಿನ ಅನುಮಾನವಿದ್ದ ಕಡೆ ಮಾತ್ರ ನೈಟ್ರೈಲ್ ಕೈಗವಸು ಮತ್ತು ಎನ್‌95 ಮುಖಗವಸು ಕಡ್ಡಾಯ. ಹಿಂದೆ ಕೀಟಕ್ಕೆಂದು ಹಲವೆಡೆ ಡಿಡಿಟಿ, ಪಾದರಸದ ಲವಣಗಳನ್ನೂ ಬಳಸಿದ್ದುಂಟು. ಕಡತಗಳ ನಡುವೆ ಗುರುತು ಸಿಗದ ಬಿಳಿ ಪುಡಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ.

ಟಾರ್ಚನ್ನು ಮೇಲಿನಿಂದ ಬಿಡದೆ, ಹಾಳೆಯ ಮಟ್ಟಕ್ಕೆ ತಗ್ಗಿಸಿ ಪಕ್ಕದಿಂದ ಬಿಡಿ. ನೇರ ಬೆಳಕಿನಲ್ಲಿ ನುಣುಪಾಗಿ ಕಂಡ ಕಾಗದದಲ್ಲಿ ಉಬ್ಬು, ತಗ್ಗು, ಏಳುತ್ತಿರುವ ಬಣ್ಣದ ಪದರ, ಹುಳು ಕೆರೆದ ಜಾಡು ಎಲ್ಲವೂ ನೆರಳಾಗಿ ಎದ್ದು ನಿಲ್ಲುತ್ತವೆ. ನಂತರ ಹಾಳೆಯನ್ನು ಆಸರೆಯೊಂದಿಗೆ ಎತ್ತಿ ಹಿಂದಿನಿಂದ ಬೆಳಕು ಬಿಡಿ. ಕಬ್ಬಿಣದ ಶಾಯಿಯ ದಾಖಲೆಗಳಲ್ಲಿ ಈ ಎರಡನೇ ನೋಟವನ್ನು ತಪ್ಪಿಸಲೇಬೇಡಿ.

ಈ ಶಾಯಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮ ಹಳೆಯ ಕಡತಗಳಲ್ಲಿ ಇದು ಹೇರಳವಾಗಿರಬಹುದು. ಮಾಚಿಕಾಯಿಯ ಕಷಾಯಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್ ಬೆರೆಸಿ ಅದನ್ನು ಮಾಡುತ್ತಿದ್ದರು. ಬರೆದಾಗ ಕಪ್ಪು, ಕಾಲ ಕಳೆದಂತೆ ಕಂದು. ಆ ಬೆರಕೆಯಲ್ಲಿ ಗಂಧಕಾಮ್ಲ ಹುಟ್ಟಿ ಕಾಗದದ ಸೆಲ್ಯುಲೋಸ್ ಎಳೆಗಳನ್ನು ತುಂಡರಿಸುತ್ತದೆ. ಅನ್ನಭೇದಿ ಹೆಚ್ಚಾಗಿದ್ದರೆ ಬಂಧಿತವಾಗದೆ ಉಳಿದ ಕಬ್ಬಿಣ ಉತ್ಕರ್ಷಣವನ್ನು ಚುರುಕುಗೊಳಿಸುತ್ತದೆ. ಹಾನಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲು ಅಕ್ಷರದ ಸುತ್ತ ನಸುಗಂದು ಛಾಯೆ. ಆಮೇಲೆ ಹಾಳೆಯ ಹಿಂಬದಿಯಲ್ಲೂ ಬರಹ ಕನ್ನಡಿಬಿಂಬದಂತೆ ಮೂಡುತ್ತದೆ. ಮೂರನೇ ಹಂತದಲ್ಲಿ, ಹಿಂದಿನಿಂದ ಬೆಳಕು ಬಿಟ್ಟಾಗ ದಪ್ಪ ಗೆರೆಗಳ ನಡುವೆ ಕೂದಲೆಳೆಯಷ್ಟು ಬಿರುಕುಗಳು ಹೊಳೆಯುತ್ತವೆ. ಲೇಖನಿ ಒತ್ತಿ ಬರೆದ ಸಹಿ, ಅಡಿಗೆರೆ, ಎರಡು ಗೆರೆ ಕೂಡುವ ಜಾಗಗಳಲ್ಲಿ ಇವು ಮೊದಲು ಕಾಣುತ್ತವೆ. ಕೊನೆಗೆ ಅಕ್ಷರವೇ ಕಳಚಿ, ಅದರ ಆಕಾರದ ತೂತು ಉಳಿಯುತ್ತದೆ. ಬಿರುಕು ಕಂಡ ಹಾಳೆಯ ದರ್ಜೆ ಎರಡಕ್ಕಿಂತ ಕಡಿಮೆಯಾಗಲಾರದು, ಅದನ್ನು ಬಾಗಿಸಿ ತಿರುವಕೂಡದು. ಮಡಿಕೆ ಬಿಡಿಸಲು ತೇವ ಕೊಡುವ ರೂಢಿ ಕೆಲವರಿಗಿದೆ. ಇಂಥ ಹಾಳೆಗೆ ತೇವ ತಾಗಿದರೆ ಕಬ್ಬಿಣವೂ ಆಮ್ಲವೂ ಅಕ್ಷರದಿಂದಾಚೆಗೆ ಹರಿದು ಶುದ್ಧ ಕಾಗದವನ್ನೂ ಹಿಡಿಯುತ್ತವೆ. ಬಂಧಿತವಾಗದ ಕಬ್ಬಿಣವನ್ನು ಗುಲಾಬಿ ಬಣ್ಣದಿಂದ ತೋರಿಸುವ ಪರೀಕ್ಷಾ ಪಟ್ಟಿಗಳಿವೆ. ಅವುಗಳ ಬಳಕೆಯನ್ನು ಸಂರಕ್ಷಣಾ ತಜ್ಞರಿಗೆ ಬಿಡಿ. ಸಮೀಕ್ಷೆಗೆ ಕಣ್ಣು ಸಾಕು.

ಹಳದಿ ಬಣ್ಣದ ವಿಚಾರ. ದಿನಪತ್ರಿಕೆಯ ಕತ್ತರಿಕೆಯನ್ನು ಅಂಟಿಸಿದ ಹಳೆಯ ಕಡತವೊಂದನ್ನು ತೆಗೆಯಿರಿ. ಕತ್ತರಿಕೆ ಕಂದಾಗಿರುತ್ತದೆ. ಅದಕ್ಕೆದುರಾದ ಪುಟದ ಮೇಲೆ ಅದೇ ಅಳತೆಯ ಕಂದು ಚೌಕ ಮೂಡಿರುತ್ತದೆ. ಕತ್ತರಿಕೆಯಿಂದ ಹೊರಟ ಆಮ್ಲ ಪಕ್ಕದ ಹಾಳೆಗೂ ದಾಟಿದೆ ಎಂಬುದಕ್ಕೆ ಅದು ಸಾಕ್ಷಿ. ಇದು 'ನಡೆಯುತ್ತಿದೆ' ಕಾಲಂಗೆ ಸೇರಬೇಕಾದ ಹಾನಿ. ನಡುವೆ ಒಂದು ಒಳ್ಳೆಯ ಕಾಗದ ಇಟ್ಟರೆ ತಗ್ಗುವಂಥದ್ದೂ ಹೌದು. ಆದರೆ ಬರೀ ಹಳದಿಯಾದ ಮಾತ್ರಕ್ಕೆ ಕಾಗದ ಪುಡಿಯಾಗುತ್ತದೆ ಎಂದೇನಿಲ್ಲ. ಲಿಗ್ನಿನ್ ಬೆಳಕಿಗೆ ಬಣ್ಣ ಬದಲಿಸುತ್ತದೆ, ಬಲ ಕುಗ್ಗುವುದು ಬೇರೆ ಲೆಕ್ಕ. ಲಿಗ್ನಿನ್ ತೆಗೆದು ಬಿಳುಪು ಮಾಡಿದ, ಆದರೆ ಪಟಿಕ ಹಾಕಿದ ಕಾಗದ ಸಾಕಷ್ಟು ಬೆಳ್ಳಗಿದ್ದೂ ಮುರಿಯಬಲ್ಲದು. ಬಣ್ಣ ನೋಡಿ ದರ್ಜೆ ಕೊಟ್ಟರೆ ಎರಡು ಕಡೆಯೂ ತಪ್ಪುತ್ತೀರಿ.

ಬಲ ನೋಡುವುದು ಹೇಗೆ ಹಾಗಾದರೆ? ಗ್ರಂಥಾಲಯಗಳಲ್ಲಿ ಪುಟದ ಮೂಲೆಯನ್ನು ಹಿಂದಕ್ಕೂ ಮುಂದಕ್ಕೂ ಮಡಿಸಿ, ಎಷ್ಟು ಮಡಿಕೆಗೆ ಮುರಿಯುತ್ತದೆ ಎಂದು ಎಣಿಸುವ ಪರೀಕ್ಷೆಯಿದೆ. ಅಚ್ಚಾದ ಪುಸ್ತಕಕ್ಕೆ ಬೇರೆ ಪ್ರತಿಗಳಿರುತ್ತವೆ. ಕಡತದ ಹಾಳೆ ಜಗತ್ತಿನಲ್ಲಿ ಒಂದೇ, ಅದರ ಮೂಲೆ ಮುರಿದು ತಿಳಿದುಕೊಳ್ಳುವಂಥದ್ದು ಏನೂ ಇಲ್ಲ. ಈಗಾಗಲೇ ಆಗಿರುವ ಮಡಿಕೆಗಳನ್ನೇ ನೋಡಿ. ಅಂದು ಮಡಚಿಟ್ಟ ಪತ್ರದ ಮಡಿಕೆಯಲ್ಲಿ ಕಾಗದ ಇನ್ನೂ ಒಂದಾಗಿದೆಯೋ, ಅಂಚಿನಿಂದ ಸೀಳು ಶುರುವಾಗಿದೆಯೋ, ತುಂಡಾಗಿ ಬೇರೆಯೇ ಆಗಿದೆಯೋ? ಪೆಟ್ಟಿಗೆಯ ತಳವನ್ನೂ ನೋಡಿ. ಅಲ್ಲಿ ಬಿದ್ದಿರುವ ಕಂದು ಚೂರುಗಳು ಯಾವ ಯಂತ್ರಕ್ಕೂ ಕಡಿಮೆಯಿಲ್ಲದ ಸಾಕ್ಷಿ. ಮೂಲೆಯನ್ನು ಬೆರಳ ತುದಿಯಿಂದ ಮಡಿಕೆ ಬೀಳದಷ್ಟು ಎತ್ತಿ ಬಿಟ್ಟರೆ ಮೆತ್ತಗೆ ಇಳಿಯುತ್ತದೋ, ತಗಡಿನ ಹಾಗೆ ಬಿರುಸಾಗಿದೆಯೋ ತಿಳಿಯುತ್ತದೆ.

ನೀರಿನ ಕಲೆ ಕಂಡರೆ ಅದರ ಕಂದು ಅಂಚನ್ನು ನೋಡಿ. ನೀರು ಹರಡಿ ನಿಂತಲ್ಲಿ, ಕಾಗದದಿಂದ ತೊಳೆದು ತಂದ ಕೊಳೆಯೆಲ್ಲ ಗೆರೆಯಾಗಿ ಕೂರುತ್ತದೆ. ಒಂದೇ ಸಾಲಿನ ಪೆಟ್ಟಿಗೆಗಳಲ್ಲಿ ಗೆರೆ ಒಂದೇ ಎತ್ತರದಲ್ಲಿದ್ದರೆ ಎಂದೋ ಒಮ್ಮೆ ನೀರು ನುಗ್ಗಿದೆ. ಒಂದರ ಹೊರಗೆ ಒಂದರಂತೆ ಹಲವು ಗೆರೆಗಳಿದ್ದರೆ ಪದೇ ಪದೇ ಸೋರಿದೆ. ಮೊದಲನೆಯದು ನಿಂತ ಹಾನಿ, ಎರಡನೆಯದಕ್ಕೆ ಅಂದೇ ಚಾವಣಿ ಮತ್ತು ಕೊಳವೆ ನೋಡಬೇಕು. ಬೂಷ್ಟಿನಲ್ಲೂ ಇದೇ ಭೇದ. ಒಣಗಿ ಪುಡಿಯಾಗಿ ಕುಂಚಕ್ಕೆ ಹಾರುವುದು ಸಾಮಾನ್ಯವಾಗಿ ಸುಪ್ತ. ಮೆತ್ತಗಿದ್ದು ಸವರಿದರೆ ಅಂಟಿನಂತೆ ಎಳೆಯುವುದು ಬೆಳೆಯುತ್ತಿರುವುದು. ಅನುಮಾನವಿದ್ದರೆ ಬೆಳೆಯುತ್ತಿದೆ ಎಂದೇ ಹಿಡಿದು ಆ ಪೆಟ್ಟಿಗೆಯನ್ನು ಬೇರೆ ಕೊಠಡಿಗೆ ಸಾಗಿಸಿ. ಮೂಸಿ ನೋಡಬೇಡಿ. ಸಾಪೇಕ್ಷ ಆರ್ದ್ರತೆ ಶೇ 65ಕ್ಕಿಂತ ಮೇಲೆ ದಿನಗಟ್ಟಲೆ ನಿಂತ ಕಡೆ ಬೂಷ್ಟು ಏಳುತ್ತದೆ, ಸುಪ್ತವಾಗಿದ್ದದ್ದೂ ಎಚ್ಚರಗೊಳ್ಳುತ್ತದೆ. ಹಾಗಾಗಿ ಕೊಠಡಿಯ ನಡುವೆ ಒಂದು, ಅತ್ಯಂತ ತೇವದ ಗೋಡೆಯ ಬಳಿಯ ಪೆಟ್ಟಿಗೆಯೊಳಗೆ ಒಂದು ಆರ್ದ್ರತಾ ಮಾಪಕ ಇಡಿ. ನಡುವಿನ ಮಾಪಕ ಸುಳ್ಳು ನೆಮ್ಮದಿ ಕೊಡುವುದುಂಟು.

ಕೀಟಗಳಿಗೆ ಬಿಳಿ ಹಾಳೆ ಸಾಕು. ರಿಜಿಸ್ಟರಿನ ಬೆನ್ನನ್ನು ಅದರ ಮೇಲೆ ಮೆಲ್ಲಗೆ ತಟ್ಟಿ. ಒಂದೆರಡು ಮಿಲಿಮೀಟರ್ ಅಗಲದ ದುಂಡು ತೂತಿನಿಂದ ನಯವಾದ ಪುಡಿ ಉದುರಿದರೆ ದುಂಬಿ ಜಾತಿಯ ಹುಳು. ಪುಡಿಯನ್ನು ಒರೆಸಿ, ರಿಜಿಸ್ಟರನ್ನು ಹೊಸ ಬಿಳಿ ಹಾಳೆಯ ಮೇಲಿಟ್ಟು ಎರಡು ವಾರ ಬಿಟ್ಟು ಬನ್ನಿ. ಮತ್ತೆ ಪುಡಿ ಬಿದ್ದಿದ್ದರೆ ಹುಳು ಒಳಗೆ ಜೀವಂತವಾಗಿರುವ ಸಂಭವವೇ ಹೆಚ್ಚು. ತೂತಿಲ್ಲದೆ ಕಾಗದದ ಮೇಲ್ಮೈ ಅಂಕುಡೊಂಕಾಗಿ ಸವೆದಿದ್ದರೆ ಸಿಲ್ವರ್‌ಫಿಶ್ ಎಂಬ ಬೆಳ್ಳಿಬಣ್ಣದ ಹುಳುವಿನ ಕೆಲಸ. ಅದು ಗಂಜಿ ಮತ್ತು ಅಂಟಿಗಾಗಿ ಬರುತ್ತದೆ, ತೇವ ಇರುವಲ್ಲಿ ಮಾತ್ರ ನೆಲೆಸುತ್ತದೆ. ಗೆದ್ದಲಿನ ಮಣ್ಣಿನ ಜಾಡು ಕಂಡರೆ ಸಮೀಕ್ಷೆ ನಿಲ್ಲಿಸಿ ಅದೇ ಗಳಿಗೆಯಲ್ಲಿ ಮೇಲಿನವರಿಗೆ ತಿಳಿಸಿ.

ಗುಂಡುಸೂಜಿ, ರಬ್ಬರ್ ಬ್ಯಾಂಡ್, ಅಂಟು ಟೇಪ್ ಇತ್ಯಾದಿಗಳ ಬಗ್ಗೆ ಒಂದು ಮಾತು: ಇದೆಯೇ, ಕಾಗದಕ್ಕೆ ಇಳಿದಿದೆಯೇ, ಅಷ್ಟು ಬರೆದರೆ ಮುಗಿಯಿತು. ಸಮೀಕ್ಷೆಯ ಹೊತ್ತಿನಲ್ಲಿ ಕೀಳಲು ಕೂರಬೇಡಿ.

ಅದಕ್ಕಿಂತ ಹೆಚ್ಚು ಗಮನ ಬೇಡುವುದು ಇತ್ತೀಚಿನ ಕಡತಗಳು. ಹಳೆಯದೇ ಅಪಾಯದಲ್ಲಿದೆ ಎಂಬ ಭಾವನೆ ಎಷ್ಟು ಬೇರೂರಿದೆ ಎಂದರೆ 1990ರ ಕಡತವನ್ನು ಯಾರೂ ಬಿಚ್ಚುವುದೇ ಇಲ್ಲ. ಆ ಕಾಲದ ಫ್ಯಾಕ್ಸ್‌ಗಳು ಹೆಚ್ಚಾಗಿ ಬಿಸಿಗೆ ಕಪ್ಪಾಗುವ ಕಾಗದದ ಮೇಲಿವೆ. ಕಾಗದ ಗಟ್ಟಿಯಾಗಿಯೇ ಇರುತ್ತದೆ, ಬರಹ ಮಾಯವಾಗಿರುತ್ತದೆ. ಪಿವಿಸಿ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟ ಜೆರಾಕ್ಸ್ ಪ್ರತಿಗಳ ಅಕ್ಷರಗಳು ಹೊದಿಕೆಗೆ ಅಂಟಿಕೊಂಡು ಎದ್ದು ಬರುತ್ತವೆ. ನಮೂನೆಯಲ್ಲಿ 'ಬರಹ ಮಾಸುತ್ತಿದೆ' ಎಂಬ ಗುರುತಿಗೆ ಬೇರೆ ಜಾಗ ಇಟ್ಟು, ಇಂಥವು ಸಿಕ್ಕಾಗ ಸಮೀಕ್ಷೆ ಮುಗಿಯುವವರೆಗೂ ಕಾಯದೆ ಪ್ರತಿ ಮಾಡಿಸಿ.

ನೀವಿಬ್ಬರೂ ಒಂದೇ ಅಳತೆಗೋಲಿನಿಂದ ಅಳೆಯುತ್ತಿದ್ದೀರಾ ಎಂಬುದನ್ನೂ ನೋಡಬೇಕು. ಕೆಲಸ ಶುರುಮಾಡುವ ಮುನ್ನ 20 ಪೆಟ್ಟಿಗೆಗಳನ್ನು ಇಬ್ಬರೂ ಪ್ರತ್ಯೇಕವಾಗಿ, ಮಾತಾಡಿಕೊಳ್ಳದೆ ನೋಡಿ ದರ್ಜೆ ಹಾಕಿ. ಸೊನ್ನೆಯಲ್ಲೂ ಮೂರರಲ್ಲೂ ಒಮ್ಮತ ಇರುತ್ತದೆ. ಜಗಳ ಏಳುವುದು ಒಂದು ಮತ್ತು ಎರಡರ ನಡುವೆ, ಹಣ ಖರ್ಚಾಗುವ ಗಡಿಯೂ ಅದೇ. ಯಾವ ಹಾನಿಗೆ ಯಾವ ದರ್ಜೆ ಎಂದು ನಿಮ್ಮದೇ ಕಡತಗಳ ಫೋಟೋ ತೆಗೆದು ಗೋಡೆಗೆ ಹಾಕಿಕೊಳ್ಳಿ. ಕೊನೆಯ ದಿನ ಮೊದಲ ದಿನದ ಹತ್ತು ಪೆಟ್ಟಿಗೆಗಳನ್ನು, ಹಳೆಯ ನಮೂನೆ ನೋಡದೆ, ಮತ್ತೊಮ್ಮೆ ಅಳೆಯಿರಿ. ಮುರಿದದ್ದನ್ನೇ ನೋಡುತ್ತಾ ಹೋದಂತೆ ಕಣ್ಣು ಸಡಿಲಾಗುತ್ತದೆ. ಮೊದಲ ದಿನ ಎರಡು ಎಂದದ್ದನ್ನು ಕೊನೆಗೆ ಒಂದು ಎಂದಿರುತ್ತೀರಿ.

ವರದಿಯಲ್ಲಿ ಒಂಟಿ ಸಂಖ್ಯೆ ಬರೆಯಬೇಡಿ. 320ರಲ್ಲಿ ಶೇ 12 ಮೂರನೇ ದರ್ಜೆಗೆ ಬಂದವು ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಇಡೀ ಸಂಗ್ರಹದಲ್ಲಿ ಅದು ಶೇ 9ರಿಂದ 15ರ ನಡುವೆ ಎಲ್ಲಾದರೂ ಇರಬಹುದು. 1,800ಕ್ಕೆ ಅನ್ವಯಿಸಿದರೆ ಸುಮಾರು 160ರಿಂದ 270 ಪೆಟ್ಟಿಗೆ. ಹಾಗೆಯೇ ಬರೆಯಿರಿ. ಅದು ಪೆಟ್ಟಿಗೆಗಳ ಲೆಕ್ಕ, ಹಾಳೆಗಳದ್ದಲ್ಲ ಎಂಬುದನ್ನೂ ಸ್ಪಷ್ಟಪಡಿಸಿ. ಇಲ್ಲದಿದ್ದರೆ ಮುಂದಿನ ಸಭೆಯಲ್ಲಿ 'ಶೇ 12 ಹಾಳೆಗಳು ನಾಶವಾಗಿವೆ' ಎಂಬ ಮಾತು ಓಡಾಡುತ್ತದೆ.

ಆದ್ಯತೆ ಹಾಕುವಾಗ ದರ್ಜೆಯ ಪಕ್ಕದಲ್ಲಿ ಬೇಡಿಕೆ ಪುಸ್ತಕ ಇಟ್ಟುಕೊಳ್ಳಿ. ವರ್ಷಕ್ಕೆ ನಲವತ್ತು ಸಲ ಹೊರಬರುವ ಎರಡನೇ ದರ್ಜೆಯ ರಿಜಿಸ್ಟರ್, ಹಾನಿ ನಿಂತುಹೋದ, ಯಾರೂ ಕೇಳದ ಮೂರನೇ ದರ್ಜೆಯ ಕಟ್ಟಿಗಿಂತ ಮುಂದೆ ಬರಬೇಕು. ಹಾನಿ ನಡೆಯುತ್ತಿರುವುದು ಇವೆರಡಕ್ಕಿಂತಲೂ ಮುಂದೆ. ದುರಸ್ತಿಗೆ ಒಂದು ಹಾಳೆಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಒಳ್ಳೆಯ ಪೆಟ್ಟಿಗೆ, ಹೊದಿಕೆ, ಕಟ್ಟನ್ನು ಬಿಗಿಯುವ ದಾರದ ಬದಲು ಅಗಲ ಪಟ್ಟಿ, ಇವು ಅದೇ ಶ್ರಮದಲ್ಲಿ ನೂರಾರು ಕಡತಗಳನ್ನು ಉಳಿಸುತ್ತವೆ. ಆಮ್ಲದಿಂದ ಆಗುವ ಕ್ಷಯಕ್ಕೆ ತಂಪು ಒಳ್ಳೆಯ ತಡೆ. ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೆ ಕಾಗದದ ಆಯುಷ್ಯ ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬುದು ಸಂರಕ್ಷಣೆಯವರ ಸ್ಥೂಲ ಲೆಕ್ಕ. ಆದರೆ ಆರ್ದ್ರತೆಯನ್ನು ಹಿಡಿತದಲ್ಲಿಡದೆ ಬರೀ ತಂಪು ಮಾಡಿದರೆ ಬೂಷ್ಟಿಗೆ ಆಹ್ವಾನ ಕೊಟ್ಟಂತೆ.

ಸ್ಕ್ಯಾನ್ ಮಾಡಿಸುವುದಿದೆಯಲ್ಲ, ಪರೀಕ್ಷೆ ಯಾಕೆ ಎಂದು ಕೇಳಿದ್ದೀರಿ. ಒಬ್ಬ ಓದುಗ ಕಡತದಲ್ಲಿ ತನಗೆ ಬೇಕಾದ ನಾಲ್ಕು ಹಾಳೆ ತಿರುವುತ್ತಾನೆ. ಸ್ಕ್ಯಾನಿಂಗ್‌ನಲ್ಲಿ ಪ್ರತಿ ಹಾಳೆಯನ್ನೂ ಎತ್ತಿ, ಚಪ್ಪಟೆ ಮಾಡಿ, ತಿರುಗಿಸಿ ಇಡಬೇಕು. ಕಡತ ತನ್ನ ಜೀವಮಾನದಲ್ಲಿ ಕಾಣುವ ಅತಿ ಒರಟು ಬಳಕೆ ಅದೇ ಆಗಿರಬಹುದು. ಆದ್ದರಿಂದ ಸಮೀಕ್ಷೆ ಮೊದಲು, ಸ್ಕ್ಯಾನಿಂಗ್ ನಂತರ. ಮೂರನೇ ದರ್ಜೆಯವು ಸಂರಕ್ಷಕರ ಕೈ ದಾಟದೆ ಸ್ಕ್ಯಾನರ್ ಮುಂದೆ ಹೋಗಬಾರದು. ಹಾಳೆಯನ್ನು ತಾನೇ ಎಳೆದುಕೊಳ್ಳುವ ಯಂತ್ರಕ್ಕೆ ಸೊನ್ನೆ ದರ್ಜೆಯ ಇತ್ತೀಚಿನ ಬಿಡಿಹಾಳೆಗಳನ್ನು ಬಿಟ್ಟು ಬೇರೇನೂ ಕೊಡಬಾರದು. ನಿಮ್ಮ ನಮೂನೆಗೆ ಇನ್ನು ಮೂರು ಕಾಲಂ ಸೇರಿಸಿಕೊಳ್ಳಿ: ಹೊಲಿದ ರಿಜಿಸ್ಟರ್ ಒತ್ತಾಯವಿಲ್ಲದೆ ಎಷ್ಟು ತೆರೆದುಕೊಳ್ಳುತ್ತದೆ, ಪೂರ್ಣವೋ ಅರ್ಧವೋ, ಒಳಗೆ ಮಡಿಚಿದ ದೊಡ್ಡ ಹಾಳೆಗಳಿವೆಯೇ, ಬರಹ ಹೊಲಿಗೆಯ ಒಳಗೆ ನುಗ್ಗಿದೆಯೇ. ಸ್ಕ್ಯಾನಿಂಗ್‌ನವರು ದಿನಕ್ಕೆ ಎಷ್ಟು ಪುಟವಾಗುತ್ತದೆಂದು ಹೇಳುವುದು ಬಿಡಿಹಾಳೆಗಳ ಲೆಕ್ಕದಲ್ಲಿ. ಈ ಮೂರು ಕಾಲಂಗಳನ್ನು ಅವರ ಮುಂದಿಟ್ಟು, ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಆ ಲೆಕ್ಕವನ್ನು ಹೊಸದಾಗಿ ಹಾಕಿಸಿ.